ಐದು ಚೌಕಗಳ ಅಡಿಯ ಗೆರೆ

ಘಣಸೋಲಿಯ ಕಟ್ಟಡ ಕೆಲಸಗಾರರ ಶೆಡ್ಡುಗಳಿಗೆ ಪ್ರತಿ ಗುರುವಾರ ಬರುತ್ತಿದ್ದ ದವಾಖಾನೆಯ ಗಾಡಿ 2013ರ ಮಾರ್ಚ್ ಕೊನೆಗೆ ನಿಂತುಹೋಗುವುದರಲ್ಲಿತ್ತು. ಅದಕ್ಕೆ ಕಾರಣ ನಾನು ಹಾಕಿದ ಒಂದು ಕೋಷ್ಟಕ. ಫೆಬ್ರುವರಿ 4, ಸೋಮವಾರದ ನನ್ನ ದಿನಚರಿಯಲ್ಲಿ ಅದರ ನಕಲು ಇದೆ. ಕೆಳಗೆ ಎರಡು ಗೆರೆ ಎಳೆದು, "ಮುಗಿಯಿತು, ಮೊತ್ತ ಸರಿ ಇದೆ" ಎಂದು ಬರೆದಿದ್ದೇನೆ. ಮೊತ್ತ ಸರಿಯೇ ಇತ್ತು. ಮೂರು ಸಲ ಕೂಡಿ ನೋಡಿದ್ದೆ.

ಆಗ ನನಗೆ ಇಪ್ಪತ್ತಮೂರು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕೋಪರಖೈರಣೆಯ ಒಂದು ಸಣ್ಣ ಟ್ರಸ್ಟಿನ ಕಚೇರಿಗೆ ಸೇರಿ ಮೂರು ತಿಂಗಳಾಗಿತ್ತು. ಮನೆ ಠಾಣೆಯ ಕೋಪರಿಯಲ್ಲಿ, ಸ್ಟೇಷನ್ನಿನಿಂದ ನಾನೂರ ಹನ್ನೆರಡು ಹೆಜ್ಜೆ. ಬೆಳಿಗ್ಗೆ 8.52ರ ವಾಶಿ ಲೋಕಲ್ ಹಿಡಿದರೆ ಒಂಬತ್ತೂಕಾಲರ ಒಳಗೆ ಕೋಪರಖೈರಣೆ. ಏಳನೇ ತರಗತಿಯಿಂದಲೂ ನಾನು ದಿನಚರಿಯಲ್ಲಿ ಇಂಥವನ್ನೇ ಬರೆಯುತ್ತ ಬಂದವಳು: ತಾರೀಕು, ಟ್ರೇನು ಎಷ್ಟು ನಿಮಿಷ ತಡ, ಆ ದಿನ ಎಷ್ಟು ಪುಟ ಓದಿದೆ. ಮನಸ್ಸಿನ ವಿಷಯ ಕಡಿಮೆ.

ಟ್ರಸ್ಟಿನ ಬಳಿ ಇದ್ದದ್ದು ಒಂದೇ ಗಾಡಿ. ಅದನ್ನು ನಡೆಸುತ್ತಿದ್ದವರು ಸರಕಾರಿ ಆಸ್ಪತ್ರೆಯಿಂದ ನಿವೃತ್ತರಾಗಿದ್ದ ಒಬ್ಬ ಮರಾಠಿ ವೈದ್ಯೆ. ಎಲ್ಲರೂ ಅವರನ್ನು ಡಾಕ್ಟರ್ ಬಾಯಿ ಎನ್ನುತ್ತಿದ್ದರು. ಗಾಡಿ ಮೊದಲಿನಂತೆ ಘಣಸೋಲಿಯ ಶೆಡ್ಡುಗಳಿಗೇ ಹೋಗಬೇಕೋ, ಅಥವಾ ಕೋಪರಖೈರಣೆಯ ವಸತಿ ಸೊಸೈಟಿಗಳಲ್ಲಿರುವ ಹಿರಿಯರಿಗೆ ಕೊಡಬೇಕೋ ಎಂದು ಟ್ರಸ್ಟಿಗಳಲ್ಲಿ ಚರ್ಚೆ ಎದ್ದಿತ್ತು. ಹಿರಿಯರು ಸಹಿ ಹಾಕಿದ ಅರ್ಜಿ ಕೊಟ್ಟಿದ್ದರು. ಶೆಡ್ಡಿನವರು ಏನೂ ಕೊಟ್ಟಿರಲಿಲ್ಲ. ಯಾರ ಆರೋಗ್ಯ ಹೆಚ್ಚು ಕೆಟ್ಟಿದೆ ಎಂದು ಸಮೀಕ್ಷೆ ಮಾಡಿ, ಅದರಂತೆ ಮಾರ್ಚ್ 30ರ ಸಭೆಯಲ್ಲಿ ತೀರ್ಮಾನಿಸುವುದು ಎಂದಾಯಿತು.

ಫಾರ್ಮಿನ ಆರನೇ ಪ್ರಶ್ನೆಯೇ ಮುಖ್ಯ. ಒಟ್ಟಾರೆ ನಿಮ್ಮ ಆರೋಗ್ಯ ಹೇಗಿದೆ? ಮುಂದೆ ಐದು ಚೌಕ: ತುಂಬಾ ಒಳ್ಳೆಯದು, ಒಳ್ಳೆಯದು, ಸಾಧಾರಣ, ಕೆಟ್ಟದು, ತುಂಬಾ ಕೆಟ್ಟದು. ಸೊಸೈಟಿಗಳಲ್ಲಿ ತೊಂಬತ್ತಾರು ಜನ, ಶೆಡ್ಡುಗಳಲ್ಲಿ ಅರವತ್ನಾಲ್ಕು ಜನ ಉತ್ತರ ಕೊಟ್ಟರು. ಸೊಸೈಟಿಯಲ್ಲಿ ಮೊದಲ ಎರಡು ಚೌಕಗಳಿಗೆ ಬಿದ್ದ ಗುರುತು ಮೂವತ್ತೆಂಟು. ಶೆಡ್ಡುಗಳಲ್ಲಿ ಐವತ್ತೊಂದು. ಶೆಡ್ಡಿನವರು ಒಬ್ಬರೂ 'ತುಂಬಾ ಕೆಟ್ಟದು' ಎಂದಿರಲಿಲ್ಲ, ಹಾಗಾಗಿ ಕೊನೆಯ ಎರಡು ಚೌಕಗಳನ್ನು ನಾನು ಒಂದಾಗಿ ಅಂಟಿಸಿದೆ. ಖಾಲಿ ಚೌಕ ಕೋಷ್ಟಕದಲ್ಲಿ ಚೆನ್ನಾಗಿ ಕಾಣುವುದಿಲ್ಲ. ಹೀಗೆ ಉಳಿದ ನಾಲ್ಕಕ್ಕೆ ಒಂದು, ಎರಡು, ಮೂರು, ನಾಲ್ಕು ಎಂದು ಅಂಕ ಕೊಟ್ಟು ಸರಾಸರಿ ತೆಗೆದೆ. ಕೊನೆಗೊಂದು ಸಾಲು: ಶೆಡ್ಡುಗಳವರ ಆರೋಗ್ಯ ಸೊಸೈಟಿಯವರಿಗಿಂತ ಉತ್ತಮ. ಡಾಕ್ಟರ್ ಬಾಯಿ ಓದಿ, ಬರಹ ನೀಟಾಗಿದೆ ಎಂದರು. ನನಗೆ ಹಿಗ್ಗಾಯಿತು.

ಮೂರು ದಿನ ಬಿಟ್ಟು, ಫೆಬ್ರುವರಿ 7ರ ಗುರುವಾರ, ರಿಜಿಸ್ಟರಿಗೆ ಸಹಿ ಹಾಕಿಸಲು ನಾನೂ ಗಾಡಿಯಲ್ಲಿ ಹೋದೆ. ಜೊತೆಗೆ ನಮ್ಮ ಹಿರಿಯ ಸಮೀಕ್ಷಕ ಇದ್ದ. ವಿಜಯಪುರದ ಕಡೆಯವನು, ವಾಶಿಯ ಮಾರ್ಕೆಟ್ಟಿನಲ್ಲಿ ಹದಿನೈದು ವರ್ಷ ಮೂಟೆ ಹೊತ್ತು, ಬೆನ್ನು ಹಿಡಿದ ಮೇಲೆ ಟ್ರಸ್ಟಿಗೆ ಬಂದವನು. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ, ಅವನು ನನ್ನನ್ನು ಲೆಕ್ಕದ ಬಾಯಿ ಎನ್ನುತ್ತಿದ್ದ. ನನ್ನ ಕರಾವಳಿಯ ಕನ್ನಡ ಕೇಳಿದರೆ ಸ್ಕೂಲಿನ ಪಾಠ ಒಪ್ಪಿಸಿದಂತೆ ಆಗುತ್ತದೆ ಎಂದು ದಿನಕ್ಕೊಮ್ಮೆಯಾದರೂ ಚುಚ್ಚುತ್ತಿದ್ದ.

ಸಾಲಿನಲ್ಲಿ ಏಳನೆಯವಳಾಗಿ ಕಲಬುರಗಿ ಜಿಲ್ಲೆಯ ಒಬ್ಬ ಹೆಂಗಸು ನಿಂತಿದ್ದಳು. ನಲವತ್ತರ ಆಸುಪಾಸು. ಕಟ್ಟಡದಲ್ಲಿ ಕಾಂಕ್ರೀಟಿನ ಬುಟ್ಟಿ ಹೊರುವವಳು. ಗಾಡಿಯ ಎರಡು ಮೆಟ್ಟಿಲು ಹತ್ತುವಾಗ ಬಾಗಿಲ ಸರಳು ಹಿಡಿದು ನಿಂತಳು. ಅವಳ ಉಸಿರಿನ ಸದ್ದು ನಾನು ಕೂತಲ್ಲಿಗೆ ಕೇಳಿಸಿತು. ಡಾಕ್ಟರ್ ಬಾಯಿ ಅವಳಿಗೆ ಉಸಿರಿನ ಪಂಪು ಬದಲಿಸಿ ಕೊಟ್ಟರು. ರಿಜಿಸ್ಟರ್ ತಿರುವಿ ನೋಡಿದೆ. ಹದಿನಾಲ್ಕು ಗುರುವಾರಗಳಲ್ಲಿ ಅವಳು ತಪ್ಪಿಸಿದ್ದು ಒಂದೇ ಒಂದು. ಗಾಡಿ ಇಲ್ಲದಿದ್ದರೆ ಅವಳು ವಾಶಿಯ ಆಸ್ಪತ್ರೆಗೆ ಹೋಗಬೇಕು, ಹೋದ ದಿನ ಕೆಲಸ ಹೋಗುತ್ತದೆ. ಎರಡು ಸಲ ಹೋದರೆ ಅವಳ ಜಾಗದಲ್ಲಿ ಬೇರೆಯವರು ನಿಂತಿರುತ್ತಾರೆ. ಹಾಗಾಗಿ ಅವಳು ಹೋಗುವುದಿಲ್ಲ ಎಂದು ಅಣ್ಣ ಹೇಳಿದ.

ಮುಖ ನೋಡಿದ ನೆನಪಿತ್ತು. ಚೀಲದಿಂದ ಫಾರ್ಮುಗಳ ಕಟ್ಟು ತೆಗೆದೆ. ನಲವತ್ತೊಂದನೇ ಫಾರ್ಮು. ಆರನೇ ಪ್ರಶ್ನೆಗೆ ನನ್ನದೇ ಕೈಯ ಗುರುತು: ಒಳ್ಳೆಯದು.

ಗಾಡಿಯಿಂದ ಇಳಿದವಳನ್ನು ನಿಲ್ಲಿಸಿ, ಅವತ್ತು ಹಾಗೇಕೆ ಹೇಳಿದಿರಿ ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಅಣ್ಣನ ಕಡೆ ತಿರುಗಿ, ಈ ಹುಡುಗಿಗೆ ಯಾರೂ ಹೇಳಿಕೊಟ್ಟಿಲ್ಲವೇನು ಎಂಬಂತೆ ನೋಡಿ, ಹೇಳಿದಳು:

"ಮುಂಜಾನಿ ಹಾಜರಿಗಿ ನಿಂತಾಗ ಮುಕಾದಮ ನನ್ನ ಕಡಿ ಕೈ ಮಾಡ್ದಾ ಅಂದ್ರ ಛಲೋ. ಮಾಡ್ಲಿಲ್ಲಾ ಅಂದ್ರ ಕೆಟ್ಟ. ನಡುವ ಮತ್ತೇನದ ಯವ್ವಾ?"

ಮುಕಾದಮ ಎಂದರೆ ಕೆಲಸ ಹಂಚುವವನು. ದಿನವೂ ಬೆಳಿಗ್ಗೆ ಏಳಕ್ಕೆ ಕೆಲಸಗಾರರು ಅವನೆದುರು ನಿಲ್ಲುತ್ತಾರೆ, ಅವನು ಕೈ ತೋರಿಸಿದವರು ಒಳಗೆ ಹೋಗುತ್ತಾರೆ. ಸಮೀಕ್ಷೆಯ ವಾರವೂ ಅವನು ಅವಳಿಗೆ ಕೈ ತೋರಿಸಿದ್ದ. ಅವಳೇ ಮುಂದುವರಿದು, ಹೋದ ವರ್ಷ ಬುಟ್ಟಿ ಹೊತ್ತು ನಾಲ್ಕನೇ ಮಾಳಿಗೆಯ ತನಕ ಒಂದೇ ದಮ್ಮಿಗೆ ಹೋಗುತ್ತಿದ್ದೆ, ದೀಪಾವಳಿಗೆ ಒಂದು ಕಡೆ ನಿಲ್ಲುತ್ತಿದ್ದೆ, ಈಗ ಮೂರು ಕಡೆ ನಿಲ್ಲುತ್ತೇನೆ ಎಂದಳು. ಹೇಳುವಾಗ ದೂರಿನ ದನಿ ಇರಲಿಲ್ಲ. ನಿಂತ ಜಾಗಗಳನ್ನು ಬೆರಳಲ್ಲಿ ಎಣಿಸಿ ತೋರಿಸಿದಳು. ನಾನು ದಿನಚರಿಯಲ್ಲಿ ಬರೆದುಕೊಂಡೆ: ಸೊನ್ನೆ, ಒಂದು, ಮೂರು.

ಕಚೇರಿಗೆ ಮರಳಿ ಡಾಕ್ಟರ್ ಬಾಯಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಆ ಹೆಂಗಸು ತಮಗೆ ಚೆನ್ನಾಗಿ ಗೊತ್ತು, ಆದರೆ ಟ್ರಸ್ಟಿಗಳಿಗೆ ಒಬ್ಬಳ ಕಥೆ ಹೇಳಿದರೆ ಅವರು ಸೊಸೈಟಿಯ ನಾಲ್ವರ ಕಥೆ ಹೇಳುತ್ತಾರೆ. ಕೋಷ್ಟಕವನ್ನು ಕೋಷ್ಟಕವೇ ಸುಳ್ಳು ಮಾಡಬೇಕು, ಮಾಡಿಕೊಂಡು ಬಾ ಎಂದರು. ಮಾರ್ಚ್ 30ಕ್ಕೆ ಐವತ್ತೊಂದು ದಿನ ಇತ್ತು.

ಫೆಬ್ರುವರಿ 9ರ ಶನಿವಾರ ಡೊಂಬಿವಲಿಗೆ ಹೋದೆ. ಎಂ.ಎಸ್ಸಿ.ಯಲ್ಲಿ ನನಗೆ ಕಲಿಸಿದ ಮಾಸ್ತರರು ಅಲ್ಲಿ ನೆಲಮಹಡಿಯ ಎರಡು ಕೋಣೆಯಲ್ಲಿದ್ದರು. ಧಾರವಾಡದವರು, ಮೂವತ್ತು ವರ್ಷದಿಂದ ಡೊಂಬಿವಲಿಯಲ್ಲಿದ್ದರೂ ಮಾತು ಮಾತ್ರ ಅಲ್ಲಿಯದೇ. ಗೋಡೆಗೆ ಒಂದು ಕರಿಹಲಗೆ ಹೊಡೆದಿದ್ದರು. ನನ್ನ ಕೋಷ್ಟಕವನ್ನು ಎರಡು ಸಲ ಓದಿ, ಹಲಗೆಯ ಮೇಲೆ ಒಂದು ಉದ್ದ ಗೆರೆ ಎಳೆದರು.

ಆರೋಗ್ಯ ಎಂಬುದು ಹೀಗೆ ಒಂದು ಗೆರೆಯಂತೆ ಇದೆ ಎಂದುಕೊ, ಎಂದರು. ಎಲ್ಲೂ ತುಂಡಿಲ್ಲ. ಪ್ರತಿಯೊಬ್ಬ ಮನುಷ್ಯನೂ ಈ ಗೆರೆಯ ಮೇಲೆ ಎಲ್ಲೋ ಒಂದು ಕಡೆ ನಿಂತಿದ್ದಾನೆ, ಆ ಜಾಗ ನಮಗೆ ಕಾಣುವುದಿಲ್ಲ. ನಮಗೆ ಕಾಣುವುದು ಚೌಕ ಮಾತ್ರ. ಗೆರೆಯನ್ನು ಅಡ್ಡಡ್ಡ ನಾಲ್ಕು ಕಡೆ ಕಡಿದರು, ಐದು ತುಂಡಾಯಿತು. ಈ ನಾಲ್ಕು ಕಡಿತಗಳು ಎಲ್ಲಿ ಬೀಳಬೇಕು ಎಂದು ಯಾರು ಹೇಳಿದರು? ಒಂದರಿಂದ ಎರಡಕ್ಕೆ ಇರುವಷ್ಟೇ ದೂರ ಮೂರರಿಂದ ನಾಲ್ಕಕ್ಕೂ ಇದೆ ಎಂದು ನೀನು ಹೇಗೆ ಅಂಕ ಕೊಟ್ಟೆ? ಸಾಲಿನ ಕ್ರಮ ಮಾತ್ರ ನಮಗೆ ಗೊತ್ತು, ಅಂತರ ಗೊತ್ತಿಲ್ಲ. ಇಷ್ಟು ಹೇಳಿ ಕೆಳಗೆ ಇನ್ನೊಂದು ಗೆರೆ ಎಳೆದು, ಅದನ್ನು ಬೇರೆಯೇ ನಾಲ್ಕು ಕಡೆ ಕಡಿದರು. ಇದು ಸೊಸೈಟಿ, ಇದು ಶೆಡ್ಡು. ಅದೇ ಜಾಗದಲ್ಲಿ ನಿಂತ ಇಬ್ಬರು ಬೇರೆ ಬೇರೆ ಚೌಕದ ಹೆಸರು ಹೇಳಬಹುದು, ಇಬ್ಬರದ್ದೂ ನಿಜ.

ಆ ಎರಡು ಗೆರೆಗಳನ್ನು ನಾನು ದಿನಚರಿಗೆ ಇಳಿಸಿಕೊಂಡೆ. ಕಾಲೇಜಿನಲ್ಲಿ ಈ ಪಾಠವನ್ನು ಸೂತ್ರವಾಗಿ ಬರೆದು ಅಂಕ ಗಳಿಸಿದ್ದೆ. ಮೂರು ಕಡೆ ನಿಂತು ಉಸಿರು ತೆಗೆಯುವ ಒಬ್ಬ ಹೆಂಗಸು ಆ ಸೂತ್ರದೊಳಗೆ ಇದ್ದಾಳೆ ಎಂದು ನನಗೆ ಹೊಳೆದದ್ದೇ ಆಗ.

ಆದರೆ ಕಡಿತ ಬೇರೆ ಎಂದು ತೋರಿಸುವುದು ಹೇಗೆ? ಅದಕ್ಕೊಂದು ದಾರಿ ಫಾರ್ಮಿನಲ್ಲೇ ಇತ್ತು. ಕೊನೆಯ ಪುಟದಲ್ಲಿ ಮೂರು ಪುಟ್ಟ ಕಥೆ ಇದ್ದವು. ಒಬ್ಬ ದಿನವೂ ಎರಡು ಮೈಲಿ ನಡೆಯುತ್ತಾನೆ, ತೊಂದರೆ ಇಲ್ಲ. ಇನ್ನೊಬ್ಬ ಎರಡನೇ ಮಾಳಿಗೆ ಹತ್ತುವಾಗ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಾನೆ. ಮತ್ತೊಬ್ಬನಿಗೆ ಕೂತಲ್ಲೇ ಉಸಿರು ಸಾಲದು. ಇವರ ಆರೋಗ್ಯವನ್ನು ಯಾವ ಚೌಕಕ್ಕೆ ಹಾಕುತ್ತೀರಿ ಎಂದು ಕೇಳಬೇಕು. ಕಥೆಯ ಮನುಷ್ಯ ಎಲ್ಲರಿಗೂ ಒಬ್ಬನೇ, ಹಾಗಾಗಿ ಉತ್ತರದಲ್ಲಿ ಬರುವ ವ್ಯತ್ಯಾಸ ಅಳೆಯುವವರ ಅಳತೆಗೋಲಿನದ್ದು. ನಾನು ಉತ್ಸಾಹದಿಂದ ಶೆಡ್ಡಿನ ಫಾರ್ಮುಗಳ ಕೊನೆಯ ಪುಟ ತೆಗೆದುಕೊಟ್ಟೆ. ಮಾಸ್ತರರು ಇಪ್ಪತ್ತು ಫಾರ್ಮು ತಿರುವಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಎಲ್ಲಾರ್ದೂ ಒಂದಽ ಉತ್ತರ ಅದಲ್ಲವಾ. ಹೆಂಗ ಕೇಳಿದಿ?"

ಹೇಗೆ ಕೇಳಿದ್ದೆನೋ ಹಾಗೆ ಹೇಳಬೇಕಾಯಿತು. ಜನವರಿ 13 ಮತ್ತು 20, ಎರಡು ಭಾನುವಾರ. ಸೊಸೈಟಿಯಲ್ಲಿ ಒಂದೊಂದು ಬಾಗಿಲಿನ ಹಿಂದೆ ಒಬ್ಬೊಬ್ಬರು ಸಿಗುತ್ತಾರೆ. ಶೆಡ್ಡಿನಲ್ಲಿ ಬಾಗಿಲೇ ಇಲ್ಲ. ತಮ್ಮ ಬಗ್ಗೆ ಕೇಳಿದ್ದಕ್ಕೆ ಒಬ್ಬೊಬ್ಬರೇ ಬಂದು ಉತ್ತರ ಕೊಟ್ಟರು. ಕಥೆ ಇದೆ ಎಂದ ಕೂಡಲೇ ಎಲ್ಲರೂ ಸುತ್ತ ಕೂತರು. ಅಣ್ಣನಿಗೂ ಅದೇ ರೂಢಿ, ಅವನು ದನಿ ಎತ್ತಿ ಕಥೆ ಹೇಳಿದ. ಎದುರಿಗೆ ಕೂತಿದ್ದ ಒಬ್ಬ ಅಜ್ಜಿ ಎಲ್ಲರ ಪರವಾಗಿ ತೀರ್ಪು ಕೊಟ್ಟಳು. ಹಿರಿಯಳು ಹೇಳಿದ ಮೇಲೆ ಬೇರೆ ಮಾತಾಡುವ ಪದ್ಧತಿ ಅವರಲ್ಲಿಲ್ಲ. ಹೂಂ ಎಂದರು. ನಾನು ಅರವತ್ನಾಲ್ಕು ಫಾರ್ಮಿಗೂ ಅದನ್ನೇ ಗುರುತು ಹಾಕಿದೆ. ಸಮಯ ಉಳಿಯಿತೆಂದು ಆ ದಿನ ದಿನಚರಿಯಲ್ಲಿ ಬರೆದೂ ಇದ್ದೆ.

ಮಾಸ್ತರರು ಬಯ್ಯಲಿಲ್ಲ. ಇದು ಒಬ್ಬ ಅಜ್ಜಿಯ ಉತ್ತರ, ಅರವತ್ನಾಲ್ಕು ಸಲ, ಎಂದರು ಅಷ್ಟೆ. ಮತ್ತೆ ಹೋಗಿ ಒಬ್ಬೊಬ್ಬರನ್ನೇ ಕೇಳಬೇಕು. ಹೊರಡುವ ಮುಂಚೆ ಇನ್ನೊಂದು ಕೆಲಸ ಮಾಡಿಸಿದರು. ಬೇಸಿಯನ್ ಪದ್ಧತಿಯಲ್ಲಿ ಲೆಕ್ಕ ಶುರುವಾಗುವುದು ಕೇಳುವುದಕ್ಕಿಂತ ಮುಂಚೆ ನಿನಗೆ ಏನನಿಸಿತ್ತು ಎಂಬುದರಿಂದ. ಅದನ್ನು ಮುಚ್ಚಿಡದೆ ಬರೆದಿಡಬೇಕು, ಆಮೇಲೆ ಬಂದ ಉತ್ತರಗಳು ಅದನ್ನು ಎಷ್ಟು ಅಲುಗಿಸುತ್ತವೆ ನೋಡಬೇಕು, ಎಂದು ಒಂದು ಹಾಳೆ ಕೊಟ್ಟರು. ನಾನು ಬರೆದೆ: "ಭಾರ ಹೊರುವವರು ಗಟ್ಟಿಯಿರುತ್ತಾರೆ ಎಂದುಕೊಂಡಿದ್ದೆ. ಆದರೆ ಹೆಚ್ಚು ಖಾತ್ರಿಯಿಲ್ಲ." ಆ ಕೊನೆಯ ಎರಡು ಮಾತನ್ನೂ ಲೆಕ್ಕದೊಳಗೆ ಹಾಕಬಹುದು ಎಂದು ಅವರು ಹೇಳಿದಾಗ ನಾನು ನಂಬಲಿಲ್ಲ. ಅನುಮಾನಕ್ಕೂ ಒಂದು ಅಗಲ ಕೊಟ್ಟು ಬರೆಯುವ ವಿದ್ಯೆ ಅದು. ಅಗಲವಾಗಿ ಅನುಮಾನಿಸಿದರೆ ಉತ್ತರಗಳಿಗೆ ನನ್ನನ್ನು ಅಲುಗಿಸುವ ಜಾಗ ಹೆಚ್ಚು. ವಾಪಸು ಬರುವಾಗ ಲೋಕಲ್ಲಿನಲ್ಲಿ ನಿಂತೇ ಬಂದೆ, ಡೊಂಬಿವಲಿಯಿಂದ ಠಾಣೆಯ ತನಕ ಎಷ್ಟು ನಿಮಿಷ ಹಿಡಿಯಿತೆಂದು ಆ ದಿನದ ದಿನಚರಿಯಲ್ಲಿ ಇಲ್ಲ.

ಮರುದಿನ ಬೆಳಿಗ್ಗೆ ಕಾಫಿಗೆ ಕೂತಿದ್ದ ಅಪ್ಪನ ಮೇಲೆ ಎರಡನೇ ಕಥೆಯನ್ನು ಪ್ರಯೋಗಿಸಿದೆ. ಅಪ್ಪ ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಕಪ್ಪು ಕೆಳಗಿಟ್ಟು, ಗಂಭೀರವಾಗಿ, "ಎರಡನೇ ಮಾಳಿಗೆಗೇ ನಿಲ್ತಾನಾ? ತುಂಬಾ ಕೆಟ್ಟದು. ಅವನನ್ನು ಇವತ್ತೇ ಅಡ್ಮಿಟ್ ಮಾಡ್ಲಿಕ್ಕೆ ಹೇಳು" ಎಂದರು. ಅಮ್ಮ ಒಳಗಿನಿಂದ ತುಳುವಿನಲ್ಲಿ, ನೀವು ಮೊದಲನೇ ಮಾಳಿಗೆಯಲ್ಲೇ ನಿಂತು ದಿನಾ ಸೊಸೈಟಿಯ ನೋಟಿಸ್ ಬೋರ್ಡ್ ಓದುತ್ತೀರಲ್ಲ, ಅದರಲ್ಲಿ ಅಂಥದ್ದೇನಿದೆ ಎಂದು ಕೇಳಿದಳು. ಅಪ್ಪ ಪೇಪರ್ ಎತ್ತಿಕೊಂಡರು.

ಫೆಬ್ರುವರಿ 17 ಮತ್ತು 24ರ ಭಾನುವಾರಗಳು ಶೆಡ್ಡಿನಲ್ಲಿ ಕಳೆದವು. ನೀರಿನ ಟ್ಯಾಂಕಿನ ಹಿಂದೆ ಒಂದು ಡ್ರಮ್ಮು ಬೋರಲು ಹಾಕಿ ಒಬ್ಬೊಬ್ಬರನ್ನೇ ಕೂರಿಸಿದೆ. ಉಳಿದವರು ಹತ್ತಿರ ಬರದಂತೆ ತಡೆಯುವುದು ಅಣ್ಣನ ಕೆಲಸ. ಮೊದಲು ಬೈದು ನೋಡಿದ, ಆಗಲಿಲ್ಲ. ಆಮೇಲೆ ಟ್ಯಾಂಕಿನ ಈಚೆ ಕೂತು ತನ್ನ ಬೆನ್ನುನೋವಿಗೆ ಏನು ಮದ್ದು ಎಂದು ಕೇಳಿದ. ಎಲ್ಲರಿಗೂ ಒಂದೊಂದು ಮದ್ದು ಗೊತ್ತಿತ್ತು, ಹೇಳಿ ಮುಗಿಯಲು ಎರಡು ಭಾನುವಾರ ಸಾಲಲಿಲ್ಲ.

ಅರವತ್ನಾಲ್ಕರಲ್ಲಿ ಐವತ್ತೆಂಟು ಜನ ಸಿಕ್ಕರು. ಆರು ಜನ ಊರಿಗೆ ಹೋಗಿದ್ದರು. ಅವರಲ್ಲಿ ನಾಲ್ವರು ಹೋದದ್ದು ಮೈಗೆ ಆಗದೆ. ಅವರೂ ಜನವರಿಯಲ್ಲಿ 'ಒಳ್ಳೆಯದು' ಎಂದಿದ್ದರು. ಸೊಸೈಟಿಯವರು ಎರಡನೇ ಕಥೆಯ ಮನುಷ್ಯನನ್ನು ಹೆಚ್ಚಾಗಿ 'ಕೆಟ್ಟದು' ಚೌಕಕ್ಕೆ ಹಾಕಿದ್ದರೆ, ಇಲ್ಲಿ ಅವನು ಬಹುಮಟ್ಟಿಗೆ 'ಒಳ್ಳೆಯದು'. ಆದರೆ ಈ ಸಲ ಉತ್ತರಗಳು ಒಂದೇ ಆಗಿರಲಿಲ್ಲ. ತೀರ್ಪು ಕೊಟ್ಟಿದ್ದ ಅಜ್ಜಿಯ ಸ್ವಂತ ಸೊಸೆ ಅವನನ್ನು 'ಸಾಧಾರಣ' ಎಂದಳು, ಅತ್ತೆಗೆ ಹೇಳಬೇಡಿ ಎಂದೂ ಸೇರಿಸಿದಳು. ಕಲಬುರಗಿಯ ಹೆಂಗಸು ಡ್ರಮ್ಮಿನ ಮೇಲೆ ಕೂತು ಕಥೆ ಪೂರ್ತಿ ಕೇಳಿ, ಆ ಮನುಷ್ಯನ ತಲೆಯ ಮೇಲೆ ಬುಟ್ಟಿ ಇತ್ತೇ ಎಂದು ಕೇಳಿದಳು. ಇಲ್ಲ ಎಂದೆ.

"ನಿಂತು ಮತ್ತ ಹತ್ಯಾನಲ್ಲ. ಛಲೋನೇ ಅದಾನ ಬಿಡ್ರಿ."

ಮಾರ್ಚ್ 5, ಮಂಗಳವಾರ. ಮಾಸ್ತರರ ಜೊತೆ ಕೂತು ಬರೆದ ಲೆಕ್ಕವನ್ನು ಕಚೇರಿಯ ಕಂಪ್ಯೂಟರಿಗೆ ಕೊಟ್ಟೆ. ಬೆಳಿಗ್ಗೆ 11.10ಕ್ಕೆ ಶುರು. ಈ ಪದ್ಧತಿಯಲ್ಲಿ ಉತ್ತರ ಒಂದೇ ಏಟಿಗೆ ಬರುವುದಿಲ್ಲ. ಕಡಿತಗಳು ಎಲ್ಲಿರಬಹುದು, ಒಬ್ಬೊಬ್ಬರು ಗೆರೆಯ ಮೇಲೆ ಎಲ್ಲಿರಬಹುದು ಎಂದು ಯಂತ್ರ ಒಂದು ಊಹೆ ಹಿಡಿಯುತ್ತದೆ, ಉತ್ತರಗಳಿಗೆ ತಾಳೆ ನೋಡುತ್ತದೆ, ಸ್ವಲ್ಪ ಸರಿಯುತ್ತದೆ, ಮತ್ತೆ ತಾಳೆ ನೋಡುತ್ತದೆ. ಸಾವಿರಾರು ಸಲ. ಮೊದಲು ಹಿಡಿದ ಊಹೆಯೇ ದಾರಿ ತಪ್ಪಿಸಬಾರದೆಂದು ನಾಲ್ಕು ಬೇರೆ ಬೇರೆ ಜಾಗಗಳಿಂದ ಹೊರಡಿಸಬೇಕು. ನಾನು ಬೇಕೆಂದೇ ನಾಲ್ಕು ಅಸಂಬದ್ಧ ಜಾಗ ಕೊಟ್ಟೆ. ಒಂದರಲ್ಲಿ ಎಲ್ಲರೂ ಗಟ್ಟಿಮುಟ್ಟು, ಒಂದರಲ್ಲಿ ಎಲ್ಲರೂ ಹಾಸಿಗೆ ಹಿಡಿದವರು, ಒಂದರಲ್ಲಿ ಶೆಡ್ಡು ಮೇಲೆ, ಒಂದರಲ್ಲಿ ಸೊಸೈಟಿ ಮೇಲೆ.

ಪರದೆಯ ಮೇಲೆ ಊಹೆಗೊಂದರಂತೆ ನಾಲ್ಕು ಬಣ್ಣದ ಗೆರೆಗಳು ನಾಲ್ಕು ಮೂಲೆಗಳಿಂದ ಹೊರಟವು. ಮೊದಲು ಒಂದಕ್ಕೊಂದು ಸಂಬಂಧವಿಲ್ಲದಂತೆ ಅಲೆದವು. ಹನ್ನೆರಡೂವರೆಯ ಹೊತ್ತಿಗೆ ಕೆಂಪು ಮತ್ತು ನೀಲಿ ಹತ್ತಿರ ಬಂದವು. ನಾನು ಡಬ್ಬಿ ತೆರೆದು ಊಟ ಮಾಡದೆ ಮುಚ್ಚಿದೆ. ಎರಡು ಗಂಟೆಗೆ ಹಸಿರು ಅವುಗಳ ಜೊತೆ ಸೇರಿತು. ಹಳದಿಯೊಂದು ಮೇಲೆಯೇ ಅಲೆಯುತ್ತಿತ್ತು. ಅದು 'ಶೆಡ್ಡು ಮೇಲೆ' ಎಂದು ಹೊರಟದ್ದು, ಅಂದರೆ ನನ್ನ ಫೆಬ್ರುವರಿಯ ಕೋಷ್ಟಕ. ಎರಡೂ ಮುಕ್ಕಾಲಿಗೆ ಅದೂ ಇಳಿಯತೊಡಗಿತು. ಮೂರರ ನಂತರ ನಾಲ್ಕೂ ಒಂದರೊಳಗೊಂದು ಹೆಣೆದುಕೊಂಡು ಹೋದವು, ಯಾವುದು ಯಾವುದೆಂದು ತಿಳಿಯದಷ್ಟು. ಯಾರೂ ಅವಕ್ಕೆ ಎಲ್ಲಿ ಸೇರಬೇಕೆಂದು ಹೇಳಿರಲಿಲ್ಲ. ಐವತ್ತೆಂಟು ಮತ್ತು ತೊಂಬತ್ತಾರು ಜನ ಹೇಳಿದ ಮಾತುಗಳೇ ಅವನ್ನು ಅಲ್ಲಿಗೆ ಎಳೆದು ತಂದಿದ್ದವು. ಅಣ್ಣ ಹಿಂದೆ ಬಂದು ನಿಂತಿದ್ದ. ಏನದು ಎಂದು ಕೇಳಿದವನಿಗೆ, ನಾಲ್ಕೂ ಒಂದೇ ಕಡೆ ಬಂದವು ನೋಡು ಎಂದೆ. ಅವನು ತಮಾಷೆ ಮಾಡಲಿಲ್ಲ, ಕುರ್ಚಿ ಎಳೆದುಕೊಂಡು ಕೂತ. 4.45ಕ್ಕೆ ಮುಗಿಯುವ ತನಕ ಇಬ್ಬರೂ ನೋಡಿದೆವು.

ಶೆಡ್ಡಿನವರ ಗೆರೆಯಲ್ಲಿ 'ಒಳ್ಳೆಯದು' ಮುಗಿಯುವ ಕಡಿತ ಬಿದ್ದದ್ದು, ಸೊಸೈಟಿಯವರ ಗೆರೆಯಲ್ಲಿ 'ಕೆಟ್ಟದು' ಶುರುವಾಗಿ ಸ್ವಲ್ಪ ದೂರ ಹೋದ ಮೇಲೆ. ಒಂದೇ ಚುಕ್ಕೆಯಾಗಿ ಅಲ್ಲ, ಮಂಜಿನಂತೆ ಅಗಲವಾಗಿ. ಎಷ್ಟು ಖಾತ್ರಿ, ಎಷ್ಟು ಅಲ್ಲ ಎಂದು ಆ ಅಗಲವೇ ಹೇಳುತ್ತಿತ್ತು. ನಾನು ಫೆಬ್ರುವರಿಯಲ್ಲಿ ಅಂಟಿಸಿ ಮುಚ್ಚಿದ್ದ ಖಾಲಿ ಚೌಕವೂ ಅಲ್ಲಿತ್ತು. ಶೆಡ್ಡಿನ ಒಬ್ಬರೂ 'ತುಂಬಾ ಕೆಟ್ಟದು' ಎನ್ನದಿದ್ದರೂ, ಅವರು ಹಾಗೆನ್ನಬೇಕಾದರೆ ಎಷ್ಟು ಕೆಳಗೆ ಇಳಿದಿರಬೇಕು ಎಂದು ಗೆರೆ ಅಂದಾಜು ಮಾಡಿತ್ತು. ಅಲ್ಲಿ ಮಂಜು ಬಹಳ ದಟ್ಟ. ಯಂತ್ರ ಬರೆದುಕೊಂಡಿದ್ದ ಊಹೆಗಳ ಸಾಲುಗಳಲ್ಲಿ ನೂರನ್ನು ನಾನೇ ಕಣ್ಣಿಂದ ಎಣಿಸಿದೆ, ಪೆನ್ಸಿಲ್ ಗುರುತು ಹಾಕುತ್ತ. ಶೆಡ್ಡಿನವರ ಆರೋಗ್ಯ ಸೊಸೈಟಿಯವರಿಗಿಂತ ಮೇಲೆ ಎಂದ ಸಾಲುಗಳು ಮೂರು.

ಡಾಕ್ಟರ್ ಬಾಯಿ ಚಿತ್ರವನ್ನು ಅತ್ತಿತ್ತ ತಿರುಗಿಸಿ ನೋಡಿದರು. ಬಣ್ಣ ಚೆನ್ನಾಗಿದೆ, ಆದರೆ ತಾವು ನಲವತ್ತು ವರ್ಷ ಸ್ಟೆತಸ್ಕೋಪನ್ನು ನಂಬಿದವರು ಎಂದರು. ಅವರೇ ಒಂದು ಪರೀಕ್ಷೆ ಹೂಡಿದರು. ಮಾರ್ಚ್ 14ರ ಗುರುವಾರ ಗಾಡಿಗೆ ಬರುವವರಲ್ಲಿ ಸಮೀಕ್ಷೆಗೆ ಸಿಕ್ಕಿದ್ದ ಮೊದಲ ಹತ್ತು ಜನರನ್ನೂ, ಶುಕ್ರವಾರ ಬೆಳಿಗ್ಗೆ ಸೊಸೈಟಿಯ ಹಾಲ್‌ನಲ್ಲಿ ಮೊದಲ ಹತ್ತು ಜನರನ್ನೂ ಅವರೇ ನೋಡುತ್ತಾರೆ. ಫಾರ್ಮು ನೋಡುವುದಿಲ್ಲ. ಎಲ್ಲರನ್ನೂ ಒಂದೇ ಕೋಲಿನಿಂದ ಅಳೆದು ಐದು ಚೌಕಗಳಲ್ಲಿ ಒಂದಕ್ಕೆ ಹಾಕಿ ಚೀಟಿ ಬರೆಯುತ್ತಾರೆ. ನಾನು ಅದಕ್ಕೂ ಮುಂಚೆ ನೂರಾ ಐವತ್ನಾಲ್ಕು ಜನರಿಗೂ ಒಂದೇ ಕಡಿತ ಹಿಡಿದರೆ ನನ್ನ ಗೆರೆ ಏನು ಹೇಳುತ್ತದೆಂದು ಪಟ್ಟಿ ಮಾಡಿ ಲಕೋಟೆಯಲ್ಲಿ ಅಂಟಿಸಿ ಕೊಡಬೇಕು. ಲಕೋಟೆ ಅಣ್ಣನ ವಶಕ್ಕೆ ಹೋಯಿತು. ಅವನು ಅದನ್ನು ಅಂಗಿಯ ಒಳಜೇಬಿನಲ್ಲಿಟ್ಟು, ಎರಡು ದಿನ ಚಹಾ ಕುಡಿಯುವಾಗಲೂ ಎದೆಯ ಮೇಲೆ ಕೈ ಇಟ್ಟುಕೊಂಡೇ ಕುಡಿದ.

ಮಾರ್ಚ್ 15, ಶುಕ್ರವಾರ, ಮಧ್ಯಾಹ್ನ 3.20. ಮೂವರೇ ಕೂತೆವು. ಅಣ್ಣ ಫಾರ್ಮಿನ ಸಂಖ್ಯೆ ಹೇಳುವುದು, ಡಾಕ್ಟರ್ ಬಾಯಿ ತಮ್ಮ ಚೀಟಿ ಓದುವುದು, ನಾನು ನನ್ನ ಪಟ್ಟಿ. ಮೊದಲನೆಯದು ತಾಳೆಯಾಯಿತು. ಎರಡನೆಯದೂ. ಮೂರನೆಯದು ಒಂದು ಚೌಕ ಆಚೆ. ಆರನೆಯದಾಗಿ ನಲವತ್ತೊಂದು ಬಂತು.

"ಕೆಟ್ಟದು" ಎಂದರು ಡಾಕ್ಟರ್ ಬಾಯಿ.

ನನ್ನ ಪಟ್ಟಿಯಲ್ಲೂ 'ಕೆಟ್ಟದು' ಎಂದೇ ಇತ್ತು. ಅವರು ಪೆನ್ನು ಕೆಳಗಿಟ್ಟು, ಈ ಹೆಂಗಸನ್ನು ನೀನು ಮೊದಲೇ ನೋಡಿದ್ದೆಯಲ್ಲ, ನೋಡಿ ಬರೆದದ್ದಲ್ಲ ತಾನೇ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

"ನಾನು ನೋಡಿದ್ದು ಇದರೊಳಗೆ ಹೋಗಿಲ್ಲ ಮ್ಯಾಡಮ್. ಅವಳು ಹೇಳಿದ್ದು ಮಾತ್ರ ಹೋಗಿದೆ."

ಹಾಗೆ ಹೇಳುವಾಗಲೇ ನನಗೆ ಅದರ ಪೂರ್ತಿ ಅರ್ಥವಾದದ್ದು. ಅವಳು ತನ್ನನ್ನು 'ಒಳ್ಳೆಯದು' ಎಂದಿದ್ದಳು, ಎರಡನೇ ಕಥೆಯ ಮನುಷ್ಯನನ್ನೂ 'ಒಳ್ಳೆಯದು' ಎಂದಿದ್ದಳು, ಅವನನ್ನೇ ಸೊಸೈಟಿಯವರು 'ಕೆಟ್ಟದು' ಎಂದಿದ್ದರು. ಆ ಎರಡು ಮಾತಿನ ನಡುವೆ ಅವಳ ಉಸಿರು ಎಲ್ಲಿದೆ ಎಂಬುದು ಮೊದಲಿನಿಂದಲೂ ಇತ್ತು. ಅವಳು ಎಲ್ಲವನ್ನೂ ಹೇಳಿದ್ದಳು. ಕೇಳಿಸಿಕೊಳ್ಳುವ ಲೆಕ್ಕ ನನ್ನ ಬಳಿ ಇರಲಿಲ್ಲ ಅಷ್ಟೆ.

ಇಪ್ಪತ್ತರಲ್ಲಿ ಹದಿನಾಲ್ಕು ಸರಿಯಾಗಿ ತಾಳೆಯಾದವು. ಐದು ಪಕ್ಕದ ಚೌಕ. ಒಂದು ಎರಡು ಚೌಕ ದೂರ: 'ತುಂಬಾ ಕೆಟ್ಟದು' ಎಂದಿದ್ದ ನಿವೃತ್ತ ಬ್ಯಾಂಕ್ ಗುಮಾಸ್ತರೊಬ್ಬರು. ಪಟ್ಟಿ ಅವರನ್ನು 'ಕೆಟ್ಟದು' ಎಂದಿತ್ತು, ಡಾಕ್ಟರ್ ಬಾಯಿಯ ಚೀಟಿ 'ಒಳ್ಳೆಯದು' ಎಂದಿತ್ತು. ಅವರಿಗೆ ಮಾತಾಡಲು ಜನ ಬೇಕು, ಅದಕ್ಕೆ ಗೆರೆ ಎಳೆಯುವುದು ಕಷ್ಟ ಎಂದರು ಬಾಯಿ. ಶೆಡ್ಡಿನ ಹತ್ತು ಜನ ತಾವಾಗಿ ಹೇಳಿದ್ದನ್ನು ಹಾಗೆಯೇ ತೆಗೆದುಕೊಂಡಿದ್ದರೆ ಡಾಕ್ಟರ್ ಬಾಯಿಯ ಚೀಟಿಗೆ ತಾಳೆಯಾಗುತ್ತಿದ್ದದ್ದು ಎರಡು.

ಮಾರ್ಚ್ 30ರ ಸಭೆಗೆ ನನ್ನನ್ನು ಕರೆದಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಅಣ್ಣನೊಂದಿಗೆ ಕೂತಿದ್ದೆ. ಒಳಗೆ ಡಾಕ್ಟರ್ ಬಾಯಿ ನನ್ನ ಎರಡೂ ಕೋಷ್ಟಕಗಳನ್ನು ಮುಂದಿಟ್ಟು, ಮೊದಲನೆಯದರಲ್ಲಿ ಏನು ತಪ್ಪಾಗಿತ್ತೆಂದು ಅವರೇ ಹೇಳುತ್ತಿದ್ದದ್ದು ಬಾಗಿಲ ಸಂದಿಯಿಂದ ಕೇಳುತ್ತಿತ್ತು. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಗಾಡಿ ಘಣಸೋಲಿಗೇ ಹೋಗುತ್ತದೆ, ಸೊಸೈಟಿಯ ಹಾಲ್‌ಗೆ ತಿಂಗಳಿಗೆ ಎರಡು ಸಲ ಡಾಕ್ಟರ್ ಬಾಯಿ ತಾವೇ ನಡೆದು ಹೋಗುತ್ತಾರೆ ಎಂದಾಯಿತು.

ಏಪ್ರಿಲ್ 4, ಗುರುವಾರ. ಗಾಡಿ ಶೆಡ್ಡು ಮುಟ್ಟಿದ್ದು 10.25ಕ್ಕೆ. ಬಂದವರು ನಲವತ್ಮೂರು. ಕಲಬುರಗಿಯ ಹೆಂಗಸು ನಾಲ್ಕನೆಯವಳು. ಡಾಕ್ಟರ್ ಬಾಯಿ ಅವಳ ಬೆನ್ನಿಗೆ ಸ್ಟೆತಸ್ಕೋಪಿಟ್ಟು ಬಹಳ ಹೊತ್ತು ಕೇಳಿದರು. ಬುಟ್ಟಿ ಬಿಡಬೇಕು, ಧೂಳಿಲ್ಲದ ಕೆಲಸ ಕೊಡಬೇಕು ಎಂದು ಮುಕಾದಮನಿಗೆ ಟ್ರಸ್ಟಿನ ಮೊಹರು ಒತ್ತಿದ ಚೀಟಿ ಬರೆದರು. ಅಣ್ಣ ಅದನ್ನು ಹಿಡಿದು ಹೋಗಿ ಇಪ್ಪತ್ತು ನಿಮಿಷ ಮಾತಾಡಿ ಬಂದ. ಹೊಸ ಗೋಡೆಗಳಿಗೆ ಪೈಪಿನಿಂದ ನೀರು ಬಿಡುವ ಕೆಲಸ, ಎರಡನೇ ಮಾಳಿಗೆಯ ತನಕ ಮಾತ್ರ. ಮುಕಾದಮ ಒಪ್ಪಿದ್ದಾನೆ ಎಂದ.

ಅವಳು ನನ್ನ ಹತ್ತಿರ ಬಂದು ರಿಜಿಸ್ಟರಿಗೆ ಹೆಬ್ಬೆಟ್ಟು ಒತ್ತಿದಳು. ಪಕ್ಕದಲ್ಲಿದ್ದ ಫಾರ್ಮುಗಳ ಕಟ್ಟಿನ ಮೇಲೆ ಕಣ್ಣು ಹೋಯಿತು.

"ಈಗ ನಿಮ್ಮ ಕಾಗದದಾಗ ನಾ ಛಲೋ ಅದೀನೇನ ಕೆಟ್ಟ ಅದೀನ?"

ನಲವತ್ತೊಂದನೆಯದನ್ನು ತೆಗೆದು ಗುರುತು ತೋರಿಸಿದೆ. ಒಳ್ಳೆಯದು ಎಂದೇ ಇದೆ, ನೀವು ಹೇಳಿದ್ದನ್ನು ನಾನು ಅಳಿಸಿಲ್ಲ ಎಂದೆ.

"ಅಳಸಬ್ಯಾಡ್ರಿ" ಎಂದಳು ತಗ್ಗಿದ ದನಿಯಲ್ಲಿ. "ಮುಕಾದಮ ನೋಡ್ಯಾನು."

ಆಮೇಲೆ ಹೊಸ ಪಂಪನ್ನು ಅಲ್ಲಾಡಿಸಿ, ಬಾಯಿಗಿಟ್ಟು ಎಳೆದುಕೊಂಡು, ಡಾಕ್ಟರ್ ಬಾಯಿ ಹೇಳಿಕೊಟ್ಟಂತೆ ಬೆರಳು ಮಡಿಸುತ್ತ ಹತ್ತರ ತನಕ ಎಣಿಸಿದಳು. ನಾನೂ ಮನಸ್ಸಿನಲ್ಲೇ ಎಣಿಸಿದೆ. ಉಸಿರು ಬಿಟ್ಟು, ಪಂಪನ್ನು ಸೆರಗಿಗೆ ಗಂಟು ಹಾಕಿಕೊಂಡು, ಪೈಪು ಬಿದ್ದಿದ್ದ ಗೋಡೆಯ ಕಡೆಗೆ ನಡೆದಳು.